ಇಟಲಿಗೆ ಹೋಗದೆ ರಿನೈಸಾನ್ಸ್ ಚಿತ್ರಕಲೆ ಕಲಿಯುವುದು ಹೇಗೆ? ಒಂದು ಗೋಡೆಯಿಂದ ಶುರುಮಾಡಿ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ನೌಕರ. ಆರು ತಿಂಗಳಿಂದ ರಾತ್ರಿ ಊಟವಾದ ಮೇಲೆ ಯೂಟ್ಯೂಬಿನಲ್ಲಿ ರಿನೈಸಾನ್ಸ್, ಅಂದರೆ ಯುರೋಪಿನ ಪುನರುಜ್ಜೀವನ ಕಾಲದ, ಚಿತ್ರಕಲೆಯ ವಿಡಿಯೊ ನೋಡುತ್ತಿದ್ದೇನೆ. ಲಿಯೊನಾರ್ಡೊ, ಮೈಕೆಲೆಂಜೆಲೊ, ರಫೆಲ್, ಬೊಟ್ಟಿಚೆಲ್ಲಿ ಎಂದು ಹೆಸರುಗಳು ಬಾಯಿಪಾಠವಾಗಿವೆ. ಆದರೆ ಗೊತ್ತಿಲ್ಲದ ಚಿತ್ರವೊಂದು ಎದುರಿಗೆ ಬಂದರೆ ಏನು ನೋಡಬೇಕೆಂದೇ ತೋಚುವುದಿಲ್ಲ. ಒಂದು ವಿಡಿಯೊ ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುತ್ತದೆ. ಇಟಲಿಗೆ ಹೋಗುವ ಅನುಕೂಲ ಸದ್ಯಕ್ಕಿಲ್ಲ. ದುಡ್ಡು ಕೊಟ್ಟು ಆನ್‌ಲೈನ್ ಕೋರ್ಸ್ ಸೇರಬೇಕೆ? ಎಲ್ಲಿಂದ ಶುರು ಮಾಡಲಿ, ಯಾವುದನ್ನು ನಂಬಲಿ?

ಉತ್ತರ: ಕೋರ್ಸಿನ ವಿಷಯ ಮೊದಲು ಮುಗಿಸಿಬಿಡೋಣ. ಸದ್ಯಕ್ಕೆ ಬೇಡ. ನಿಮಗೆ ಮಾಹಿತಿಯ ಕೊರತೆ ಆಗಿಲ್ಲ, ಅಜೀರ್ಣವಾಗಿದೆ. ಚಿತ್ರಕಲಾ ಕಾಲೇಜಿನಲ್ಲಿ ಈ ಪಾಠ ಮಾಡಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಪ್ರತಿ ವರ್ಷ ಮೊದಲ ತರಗತಿಗೆ ಬರುವ ಮಕ್ಕಳ ಸ್ಥಿತಿಯೂ ಹೆಚ್ಚುಕಡಿಮೆ ನಿಮ್ಮದೇ. ಹೆಸರು ಕೇಳಿದರೆ ಪಟಪಟ ಹೇಳುತ್ತಾರೆ, ಚಿತ್ರ ತೋರಿಸಿ ಎರಡು ನಿಮಿಷ ಸುಮ್ಮನೆ ನೋಡಿ ಎಂದರೆ ಚಡಪಡಿಸುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟಿ. ಮುಂದಿನ ಒಂದು ತಿಂಗಳು ಒಂದೇ ಒಂದು ಚಿತ್ರ. ವೆಬ್‌ಸೈಟುಗಳೆಲ್ಲ ಆ ಚಿತ್ರದ ಸುತ್ತ ಬಂದುಹೋಗುವ ನೆಂಟರಂತೆ ಇರಲಿ.

ಯಾವ ಚಿತ್ರ? ಮೋನಾಲಿಸಾ ಖಂಡಿತ ಬೇಡ. ಅದರ ಮೇಲೆ ಜಗತ್ತು ಎಷ್ಟು ಮಾತು ಸುರಿದಿದೆಯೆಂದರೆ ಕಣ್ಣಿಗೆ ಚಿತ್ರ ಕಾಣುವ ಮೊದಲೇ ಕಿವಿಗೆ ಗದ್ದಲ ಕೇಳುತ್ತದೆ. ನಾನು ಕೊಡುವುದು ಫ್ಲಾರೆನ್ಸ್ ನಗರದ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆಯ ಮೇಲಿರುವ ‘ಪವಿತ್ರ ತ್ರಿಏಕತ್ವ’, ಇಂಗ್ಲಿಷಿನಲ್ಲಿ ಹುಡುಕುವಾಗ ‘ಹೋಲಿ ಟ್ರಿನಿಟಿ’. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ಕ್ರೈಸ್ತ ನಂಬಿಕೆಯ ಚಿತ್ರ. ಬರೆದವನು ಮಸಾಚೊ, ಸುಮಾರು 1427ರಲ್ಲಿ. ಆಗ ಅವನಿಗೆ ಇಪ್ಪತ್ತೈದು ಇಪ್ಪತ್ತಾರು. ಮರುವರ್ಷ ರೋಮಿನಲ್ಲಿ ತೀರಿಕೊಂಡ.

ಮೊದಲ ಭಾನುವಾರ ಏನನ್ನೂ ಓದಬೇಡಿ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಈ ಚಿತ್ರದ ದೊಡ್ಡ ಪ್ರತಿ ಸಿಗುತ್ತದೆ. ಮೊಬೈಲಿನಲ್ಲಿ ಬೇಡ, ಕಂಪ್ಯೂಟರಿನಲ್ಲಿ ತೆರೆದು ಅರ್ಧ ಗಂಟೆ ಕೂತು ಕಂಡದ್ದನ್ನು ಕನ್ನಡದಲ್ಲಿ ಬರೆಯಿರಿ. ಅರ್ಥ ಬೇಡ, ಕಂಡದ್ದು ಮಾತ್ರ. ಶಿಲುಬೆಯ ಮೇಲೆ ಒಬ್ಬ. ಅವನ ಹಿಂದೆ ಶಿಲುಬೆಯ ಎರಡು ತೋಳುಗಳನ್ನು ಹಿಡಿದು ನಿಂತ ಗಡ್ಡದ ಮುದುಕ. ಇಬ್ಬರ ತಲೆಗಳ ನಡುವೆ ಬಿಳಿಯದೊಂದಿದೆ. ಮೊದಲ ನೋಟಕ್ಕೆ ಮುದುಕನ ಅಂಗಿಯ ಕಾಲರ್ ಎನಿಸುತ್ತದೆ, ಹತ್ತಿರ ಹೋದರೆ ರೆಕ್ಕೆ ಬಿಚ್ಚಿದ ಪಾರಿವಾಳ. ಕೆಳಗೆ ಒಂದು ಕಡೆ ಹೆಂಗಸು, ಇನ್ನೊಂದು ಕಡೆ ಯುವಕ. ಆ ಹೆಂಗಸನ್ನು, ಯೇಸುವಿನ ತಾಯಿ ಮೇರಿಯನ್ನು, ನೋಡಿ: ಮಗ ಸತ್ತಿದ್ದಾನೆ, ಅಳುತ್ತಿಲ್ಲ. ನೇರ ನಮ್ಮನ್ನು ನೋಡುತ್ತ, ಕೈಯಿಂದ ಮಗನನ್ನು ತೋರಿಸುತ್ತಿದ್ದಾಳೆ. ಕಮಾನಿನ ಹೊರಗೆ ಗಂಡ ಹೆಂಡತಿ ಮೊಣಕಾಲೂರಿದ್ದಾರೆ. ಇವರು ಚಿತ್ರಕ್ಕೆ ದುಡ್ಡು ಕೊಟ್ಟವರು. ಯಾವ ಮನೆತನ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಅವರ ಕೆಳಗೆ, ಎಲ್ಲಕ್ಕಿಂತ ತಳದಲ್ಲಿ, ಶವಪೆಟ್ಟಿಗೆಯ ಮೇಲೆ ಒಂದು ಅಸ್ಥಿಪಂಜರ.

ಎರಡನೇ ಭಾನುವಾರ ಅಳತೆ ಟೇಪು ಹುಡುಕಿ. ಪರದೆ ನಮಗೆ ಹೇಳುವ ಮೊದಲ ಸುಳ್ಳು ಗಾತ್ರದ್ದು. ಪರದೆಯ ಮೇಲೆ ಎಲ್ಲ ಚಿತ್ರಗಳೂ ಒಂದೇ ಅಳತೆ. ಮೋನಾಲಿಸಾ 77 ಸೆಂಟಿಮೀಟರ್ ಎತ್ತರ, 53 ಅಗಲ. ಮನೆಯ ಕ್ಯಾಲೆಂಡರಿಗಿಂತ ತುಸು ದೊಡ್ಡದು. ಮಸಾಚೊನ ಚಿತ್ರ 667 ಸೆಂಟಿಮೀಟರ್ ಎತ್ತರ, 317 ಅಗಲ. ಅಂದರೆ ಇಪ್ಪತ್ತೆರಡು ಅಡಿ, ಎರಡಂತಸ್ತಿನ ಮನೆಯಷ್ಟು. ನಿಮ್ಮ ಮನೆಯ ಹೊರಗೋಡೆಗೆ ಟೇಪು ಹಿಡಿದು ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿ. ಅಕ್ಕಪಕ್ಕದವರು ಕೇಳಿದರೆ ಪೇಂಟಿಂಗ್ ಕೆಲಸ ಎನ್ನಿ, ಸುಳ್ಳೇನಲ್ಲ. ನಾನೂ ಹಲವು ವರ್ಷ ಸ್ಲೈಡ್ ತೋರಿಸಿ ಈ ಪಾಠ ಮಾಡಿದವನು. ಮೊದಲ ಸಲ ಆ ಚರ್ಚಿನೊಳಗೆ ನಿಂತಾಗ ಕತ್ತು ಎತ್ತಬೇಕಾಗಿ ಬಂತು. ಅಲ್ಲಿಯವರೆಗೆ ನಾನು ಪಾಠ ಮಾಡಿದ್ದು ಬೇರೆ ಯಾವುದೋ ಚಿತ್ರವನ್ನು ಎನಿಸಿತು. ಅಸ್ಥಿಪಂಜರ ನನ್ನ ಸೊಂಟದ ಮಟ್ಟಕ್ಕಿತ್ತು, ದೇವರು ಎಲ್ಲೋ ಮೇಲಿದ್ದ.

ಈ ಗಾತ್ರ ತಿಳಿದ ಮೇಲೆಯೇ ಚಿತ್ರದ ನಿಜವಾದ ಚಮತ್ಕಾರ ಗೊತ್ತಾಗುವುದು. ಒಂದು ಪ್ರಿಂಟ್ ತೆಗೆಸಿ. ಮೇಲಿನ ಕಮಾನು ಛಾವಣಿಯಲ್ಲಿ ಚೌಕಚೌಕದ ಗೂಡುಗಳಿವೆಯಲ್ಲ, ಅವುಗಳ ಒಳಕ್ಕೆ ಹೋಗುವ ಗೆರೆಗಳ ಮೇಲೆ ಸ್ಕೇಲ್ ಇಟ್ಟು ಕೆಳಕ್ಕೆ ಎಳೆಯಿರಿ. ಎಲ್ಲ ಗೆರೆಗಳೂ ಶಿಲುಬೆಯ ಬುಡದ ಹತ್ತಿರ, ಆ ದಂಪತಿ ಮೊಣಕಾಲೂರಿದ ಮೆಟ್ಟಿಲಿನ ಮಟ್ಟದಲ್ಲಿ ಬಂದು ಕೂಡುತ್ತವೆ. ಚರ್ಚಿನ ನೆಲದ ಮೇಲೆ ನಿಂತ ಮನುಷ್ಯನ ಕಣ್ಣಿನ ಮಟ್ಟವೂ ಅದೇ. ಅಂದರೆ ನೋಡುವವನು ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಲೆಕ್ಕ ಹಾಕಿಯೇ ಚಿತ್ರ ಬರೆದಿದ್ದಾನೆ. ಅದಕ್ಕೇ ಛಾವಣಿಯನ್ನು ಕೆಳಗಿನಿಂದ ನೋಡುತ್ತಿದ್ದೇವೆ, ಮೆಟ್ಟಿಲಿನ ಕೆಳಗಿನ ಅಸ್ಥಿಪಂಜರವನ್ನು ಮೇಲಿನಿಂದ. ಹಸಿ ಗಾರೆಯಲ್ಲಿ ಮೊಳೆ ಹೊಡೆದು ದಾರ ಕಟ್ಟಿ ಗೆರೆ ಒತ್ತಿದ ಗುರುತುಗಳು ಗೋಡೆಯಲ್ಲಿ ಇಂದಿಗೂ ಇವೆ. ನಮ್ಮ ಗಾರೆ ಮೇಸ್ತ್ರಿಗಳು ದಾರ ಹಿಡಿಯುವುದಿಲ್ಲವೆ, ಹಾಗೆ. ಚಪ್ಪಟೆ ಗೋಡೆಯಲ್ಲಿ ಆಳ ಕಾಣಿಸುವ ಈ ಪರ್ಸ್ಪೆಕ್ಟಿವ್ ಲೆಕ್ಕವನ್ನು ಮೊದಲು ಪ್ರಯೋಗ ಮಾಡಿ ತೋರಿಸಿದವನು ಅದೇ ಊರಿನ ವಾಸ್ತುಶಿಲ್ಪಿ ಬ್ರುನೆಲೆಸ್ಕಿ. ಅದನ್ನು ಪುಸ್ತಕವಾಗಿ ಬರೆದವನು ಆಲ್ಬೆರ್ಟಿ, 1435ರಲ್ಲಿ. ಪುಸ್ತಕ ಬರುವ ಹೊತ್ತಿಗೆ ಗೋಡೆಯ ಮೇಲಿನ ಚಿತ್ರಕ್ಕೆ ಎಂಟು ವರ್ಷ ಆಗಿತ್ತು. ಈ ಸ್ಕೇಲಿನ ಕೆಲಸಕ್ಕೆ ಇಪ್ಪತ್ತು ನಿಮಿಷ ಸಾಕು. ಇಪ್ಪತ್ತು ವಿಡಿಯೊ ನೋಡಿದರೂ ಬಾರದ್ದು ಅಷ್ಟರಲ್ಲಿ ಕೈಗೆ ಬರುತ್ತದೆ.

ಅಸ್ಥಿಪಂಜರದ ಮೇಲೆ ಹಳೆಯ ಇಟಾಲಿಯನ್ ಭಾಷೆಯಲ್ಲಿ ಒಂದು ಸಾಲಿದೆ: ‘ನೀವು ಈಗ ಏನಾಗಿದ್ದೀರೋ ನಾನು ಹಿಂದೆ ಅದೇ ಆಗಿದ್ದೆ, ನಾನು ಈಗ ಏನಾಗಿದ್ದೇನೋ ನೀವೂ ಅದೇ ಆಗುತ್ತೀರಿ.’ ಆದರೆ ಸುಮಾರು ಮುನ್ನೂರೆಂಬತ್ತು ವರ್ಷ ಈ ಸಾಲನ್ನು ಯಾರೂ ಓದಲಿಲ್ಲ. ಕತೆ ಸ್ವಾರಸ್ಯವಾಗಿದೆ. ಜಾರ್ಜಿಯೊ ವಸಾರಿ ಎಂಬ ಚಿತ್ರಕಾರ 1550ರಲ್ಲಿ ಇಟಲಿಯ ಕಲಾವಿದರ ಜೀವನಚರಿತ್ರೆ ಬರೆದ, 1568ರಲ್ಲಿ ಅದನ್ನು ಹಿಗ್ಗಿಸಿದ. ಈ ಚಿತ್ರದಲ್ಲಿ ಗೋಡೆಗೇ ತೂತು ಬಿದ್ದಂತೆ ಕಾಣುತ್ತದೆ ಎಂದು ಹೊಗಳಿದವನು ಅವನೇ. 1570ರ ಸುಮಾರಿಗೆ ಅದೇ ಚರ್ಚನ್ನು ನವೀಕರಿಸುವ ಕೆಲಸ ಅವನ ಪಾಲಿಗೆ ಬಂತು. ಮಸಾಚೊನ ಚಿತ್ರದ ಎದುರಿಗೇ ಕಲ್ಲಿನ ಬಲಿಪೀಠ ಕಟ್ಟಿ, ಅದರ ಮೇಲೆ ತಾನು ಬರೆದ ಚಿತ್ರವನ್ನು ಇಟ್ಟ. ಹಳೆಯದನ್ನು ಕೆರೆದು ಹಾಕಲಿಲ್ಲ ಎಂಬುದೊಂದು ಪುಣ್ಯ. 1860ರ ಸುಮಾರಿಗೆ ಬಲಿಪೀಠ ತೆಗೆದಾಗ ಚಿತ್ರ ಮತ್ತೆ ಕಂಡಿತು. ಮೇಲಿನ ಭಾಗವನ್ನು ಗೋಡೆಯಿಂದ ಬಿಡಿಸಿ ಬಾಗಿಲ ಕಡೆಯ ಗೋಡೆಗೆ ಸಾಗಿಸಿದರು. ಅಸ್ಥಿಪಂಜರ ಹಳೆಯ ಜಾಗದಲ್ಲೇ ಉಳಿದಿತ್ತು. ಅದು ಸಿಕ್ಕಿದ್ದು 1952ರಲ್ಲಿ. ಆಮೇಲೆ ಮೇಲಿನ ಭಾಗವನ್ನು ವಾಪಸು ತಂದು ಜೋಡಿಸಿದರು. ಇಂಟರ್ನೆಟ್ಟಿನಲ್ಲಿ ಈ ಚಿತ್ರದ ಕೆಲವು ಪ್ರತಿಗಳಲ್ಲಿ ಅಸ್ಥಿಪಂಜರ ಇಲ್ಲದಿರುವುದನ್ನು ಗಮನಿಸಿ. ಕತ್ತರಿಸಿದ ಚಿತ್ರವನ್ನೇ ಪೂರ್ತಿ ಚಿತ್ರ ಎಂದು ಹಾಕಿರುತ್ತಾರೆ. ಯಾವ ಚಿತ್ರವೇ ಇರಲಿ, ಅಂಚು ಎಲ್ಲಿದೆ ಎಂದು ಮೊದಲು ನೋಡುವ ಅಭ್ಯಾಸ ಮಾಡಿಕೊಳ್ಳಿ.

ವಸಾರಿಯ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗಿನಲ್ಲಿ ಹತ್ತು ಸಂಪುಟಗಳ ಇಂಗ್ಲಿಷ್ ಅನುವಾದವಾಗಿ ಉಚಿತವಾಗಿ ಸಿಗುತ್ತದೆ. ಮಸಾಚೊ ಎರಡನೇ ಸಂಪುಟದಲ್ಲಿದ್ದಾನೆ, ಕೆಲವೇ ಪುಟ. ಓದಿ, ಆದರೆ ಹಳ್ಳಿಕಟ್ಟೆಯ ಕತೆ ಕೇಳುವಂತೆ ಓದಿ. ಒಂದು ಉದಾಹರಣೆ. ಎಣ್ಣೆಬಣ್ಣದ ಗುಟ್ಟಿನ ಹೊಟ್ಟೆಕಿಚ್ಚಿಗೆ ಆಂಡ್ರೇಯಾ ದೆಲ್ ಕಾಸ್ತಾನ್ಯೊ ಎಂಬಾತ ಸಂಗಡಿಗ ದೊಮೆನಿಕೊ ವೆನೆಜಿಯಾನೊನನ್ನು ಕೊಲೆ ಮಾಡಿದ ಎಂದು ವಸಾರಿ ರಂಗುರಂಗಾಗಿ ಬರೆದಿದ್ದಾನೆ. ದಾಖಲೆ ತೆಗೆದರೆ ‘ಕೊಲೆಗಾರ’ ಸತ್ತದ್ದು 1457ರಲ್ಲಿ, ಪ್ಲೇಗಿನಿಂದ. ‘ಕೊಲೆಯಾದವನು’ ಸತ್ತದ್ದು 1461ರಲ್ಲಿ. ಎಣ್ಣೆಬಣ್ಣವನ್ನು ಕಂಡುಹಿಡಿದವನು ಫ್ಲಾಂಡರ್ಸಿನ ಚಿತ್ರಕಾರ ಯಾನ್ ವಾನ್ ಐಕ್ ಎಂಬುದೂ ವಸಾರಿಯಿಂದಲೇ ಹಬ್ಬಿದ ಮಾತು. ಎಣ್ಣೆಯಲ್ಲಿ ಬಣ್ಣ ಕಲೆಸುವುದು ಅವನಿಗಿಂತ ಬಹಳ ಮೊದಲೇ ಇತ್ತು, ಅವನು ಅದನ್ನು ಹಿಂದೆಂದೂ ಕಾಣದ ಎತ್ತರಕ್ಕೆ ಒಯ್ದ. ನೀವು ನೋಡಿದ ವಿಡಿಯೊಗಳು ಒಂದನ್ನೊಂದು ಅಲ್ಲಗಳೆಯುವುದಕ್ಕೆ ಅರ್ಧ ಕಾರಣ ಇದೇ. ಕೆಲವರು ವಸಾರಿಯನ್ನು ಹಾಗೇ ಒಪ್ಪಿಸುತ್ತಾರೆ, ಕೆಲವರು ದಾಖಲೆ ನೋಡಿರುತ್ತಾರೆ.

ದಾಖಲೆ ಎಂದೆ. ಬ್ಯಾಂಕಿನವರಾದ ನಿಮಗೆ ಇದು ಹಿಡಿಸಬಹುದು. 1427ರಲ್ಲೇ ಫ್ಲಾರೆನ್ಸ್ ಸರ್ಕಾರ ‘ಕತಾಸ್ತೊ’ ಎಂಬ ಹೊಸ ತೆರಿಗೆ ತಂದು, ಮನೆಮನೆಯವರೂ ಆಸ್ತಿ, ಸಾಲ, ತಿನ್ನುವ ಬಾಯಿ ಎಷ್ಟು ಎಂದು ಬರೆದುಕೊಡಬೇಕೆಂದು ಕಟ್ಟುಮಾಡಿತು. ನಗರದ ಸುಮಾರು ಹತ್ತು ಸಾವಿರ ಮನೆಗಳ ಆ ಲೆಕ್ಕ ಇಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೂಲಕ ಆನ್‌ಲೈನಿನಲ್ಲಿದೆ. ಮಸಾಚೊ ಕೊಟ್ಟ ಹೇಳಿಕೆಯೂ ಉಳಿದಿದೆ: ವಿಧವೆ ತಾಯಿ, ತಮ್ಮ, ಬಾಡಿಗೆ ಮನೆ, ಅಲ್ಲಲ್ಲಿ ಸಾಲ. ಜಗತ್ತಿನ ಚಿತ್ರಕಲೆಯ ದಿಕ್ಕು ಬದಲಿಸಿದವನ ಐ.ಟಿ. ರಿಟರ್ನ್ಸ್!

ದುಡ್ಡಿನ ಕಡೆಯಿಂದ ನೋಡಿದರೆ ಈ ಕಲೆಯ ಬಗ್ಗೆ ಎಷ್ಟೋ ಭ್ರಮೆ ಕಳಚುತ್ತದೆ. 1485ರಲ್ಲಿ ದೊಮೆನಿಕೊ ಗಿರ್ಲಾಂಡಾಯೊ ಫ್ಲಾರೆನ್ಸಿನ ಅನಾಥಮಕ್ಕಳ ಆಶ್ರಯಧಾಮಕ್ಕೆ ಮೂವರು ಜ್ಞಾನಿಗಳು ಬಾಲಯೇಸುವಿಗೆ ವಂದಿಸುವ ಚಿತ್ರ ಬರೆದುಕೊಡಲು ಒಪ್ಪಂದ ಮಾಡಿಕೊಂಡ. ಒಟ್ಟು 115 ಫ್ಲೊರಿನ್ (ಆ ಊರಿನ ಚಿನ್ನದ ನಾಣ್ಯ), ಮೂವತ್ತು ತಿಂಗಳಲ್ಲಿ ಮುಗಿಸಬೇಕು, ನೀಲಿ ಬಣ್ಣ ಔನ್ಸಿಗೆ ನಾಲ್ಕು ಫ್ಲೊರಿನ್ ಬೆಲೆಯದ್ದೇ ಆಗಿರಬೇಕು. ನೀಲಿಗೇಕೆ ಅಷ್ಟು ಕಟ್ಟುನಿಟ್ಟು? ಅದು ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಯಿಂದ ಬಂದ ಲಾಜವರ್ದ ಕಲ್ಲನ್ನು ಅರೆದು ಮಾಡಿದ ಬಣ್ಣ. ಮೇರಿಯ ಸೆರಗಿನ ನೀಲಿ ನೋಡಿದಾಗ ಅಂದಿನವರು ಭಕ್ತಿಯ ಜೊತೆಗೆ ಬೆಲೆಯನ್ನೂ ಓದುತ್ತಿದ್ದರು, ಮದುವೆ ಮನೆಯಲ್ಲಿ ನಾವು ಜರಿಯ ಅಂಚು ನೋಡುವುದಿಲ್ಲವೆ. ಆ ಚಿತ್ರ ಇಂದಿಗೂ ಅದೇ ಸಂಸ್ಥೆಯ ಮ್ಯೂಸಿಯಮ್ಮಿನಲ್ಲಿದೆ.

ಇಲ್ಲೇ ಒಂದು ಹಳೆಯ ಲೆಕ್ಕ ಚುಕ್ತಾ ಮಾಡಬೇಕು. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದದ್ದರಿಂದ ವಿದ್ವಾಂಸರು ಇಟಲಿಗೆ ಓಡಿಬಂದರು, ಅದರಿಂದ ಪುನರುಜ್ಜೀವನ ಶುರುವಾಯಿತು ಎಂದು ನಾವೆಲ್ಲ ಹೈಸ್ಕೂಲಿನಲ್ಲಿ ಉರು ಹೊಡೆದವರು. ಮಸಾಚೊನ ಗೋಡೆ 1427ರದ್ದು. ಫ್ಲಾರೆನ್ಸಿನ ದೊಡ್ಡ ಚರ್ಚಿಗೆ ಬ್ರುನೆಲೆಸ್ಕಿ ಕಟ್ಟಿದ ಗುಮ್ಮಟ ಮುಗಿದದ್ದು 1436. ಫ್ಲಾರೆನ್ಸಿನಲ್ಲಿ ಗ್ರೀಕ್ ಪಾಠ ಹೇಳಲು ಕಾನ್‌ಸ್ಟಾಂಟಿನೋಪಲಿನ ವಿದ್ವಾಂಸ ಕ್ರಿಸೊಲೊರಾಸ್ ಬಂದದ್ದು 1397. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಆ ವಾಕ್ಯ ತಾನಾಗಿ ಬಿದ್ದುಹೋಗುತ್ತದೆ. ಅದೇ ಕಾಲದಲ್ಲಿ ನಮ್ಮ ಕಡೆಯ ಒಂದು ಸುದ್ದಿಯೂ ಆ ಊರಿಗೆ ತಲುಪಿತ್ತು. ವೆನಿಸ್ಸಿನ ವ್ಯಾಪಾರಿ ನಿಕೊಲೊ ದೆ ಕೊಂತಿ ವಿಜಯನಗರವನ್ನು ಕಂಡು ಹೋದವನು. ದಾರಿಯಲ್ಲಿ ಮತ ಬಿಟ್ಟ ತಪ್ಪಿಗೆ ಪೋಪನ ಕ್ಷಮೆ ಕೇಳಲು ಬಂದಾಗ, ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿ ಅವನ ಪ್ರಯಾಣದ ಕತೆಯನ್ನು ಲ್ಯಾಟಿನ್ನಿನಲ್ಲಿ ಬರೆದುಕೊಂಡ. ಇದೇ ಪೊಜ್ಜೊ ಮಠಗಳ ಅಟ್ಟದಿಂದ ಹಳೆಯ ರೋಮಿನ ಗ್ರಂಥಗಳನ್ನು ಹುಡುಕಿ ತೆಗೆದವನು. ಅರವತ್ತು ಮೈಲಿ ಸುತ್ತಳತೆಯ ‘ಬಿಜೆನೆಗಾಲಿಯಾ’ ಎಂದು ಅವನು ಬರೆದದ್ದು ನಮ್ಮ ಹಂಪಿಯನ್ನು. ಅದರ 1857ರ ಇಂಗ್ಲಿಷ್ ಅನುವಾದ ಇಂಟರ್ನೆಟ್ ಆರ್ಕೈವಿನಲ್ಲಿದೆ. ಚಿತ್ರಕಲೆಗೆ ಇದು ನೇರ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.

ಇನ್ನು ಯಾರನ್ನು ನಂಬುವುದು. ವಿಡಿಯೊ ನೋಡಲೇಬೇಕೆಂದರೆ ಸ್ಮಾರ್ಟ್‌ಹಿಸ್ಟರಿಯಿಂದ ಶುರುಮಾಡಿ. ಬೆತ್ ಹ್ಯಾರಿಸ್, ಸ್ಟೀವನ್ ಜುಕರ್ ಎಂಬ ಇಬ್ಬರು ಪ್ರಾಧ್ಯಾಪಕರು 2005ರಲ್ಲಿ ಹುಟ್ಟುಹಾಕಿದ್ದು, ಪೂರ್ತಿ ಉಚಿತ. ಬರೆದಿಟ್ಟದ್ದನ್ನು ಓದದೆ ಇಬ್ಬರೂ ಚಿತ್ರದ ಮುಂದೆ ನಿಂತು ಮಾತಾಡಿಕೊಳ್ಳುತ್ತಾರೆ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಮುಂದುವರಿಸುವಾಗ ನೋಡುವುದು ಹೇಗೆಂದು ತಿಳಿಯುತ್ತದೆ. ಮಸಾಚೊನ ಈ ಗೋಡೆಯ ಬಗ್ಗೆಯೂ ಒಂದು ವಿಡಿಯೊ ಇದೆ, ಆದರೆ ನಿಮ್ಮ ಟಿಪ್ಪಣಿ ಬರೆದಾದ ಮೇಲೆಯೇ ನೋಡಿ. ಸಾಮಾನ್ಯ ಹಿನ್ನೆಲೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಕಲಾ ಇತಿಹಾಸದ ಕಾಲರೇಖೆ ಚೆನ್ನಾಗಿದೆ, ಲೇಖನಗಳು ಚಿಕ್ಕವು, ಬರೆದವರು ವಿಷಯ ಬಲ್ಲವರು. ಹಂಗೇರಿಯವರ ವೆಬ್ ಗ್ಯಾಲರಿ ಆಫ್ ಆರ್ಟ್ 1996ರಿಂದ ನಡೆಯುತ್ತಿದೆ. ನೋಡಲು ಹಳೆಯ ಕಿರಾಣಿ ಅಂಗಡಿಯಂತಿದ್ದರೂ ಐವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ, ಕಲಾವಿದನ ಹೆಸರು ಹಿಡಿದು ಹುಡುಕಲು ಅದರಷ್ಟು ಸಲೀಸಾದದ್ದು ಕಡಿಮೆ. ಬಣ್ಣವನ್ನು ಮಾತ್ರ ಅಲ್ಲಿ ನಂಬಬೇಡಿ. ಬಣ್ಣವನ್ನು ಎಲ್ಲಿಯೂ ಪೂರ್ತಿ ನಂಬಬೇಡಿ ಅನ್ನಿ. ಒಂದೇ ಚಿತ್ರವನ್ನು ನಾಲ್ಕು ಕಡೆ ತೆರೆದರೆ ನಾಲ್ಕು ಬಣ್ಣ. ಚಿತ್ರ ಯಾರ ಬಳಿ ಇದೆಯೋ ಆ ಮ್ಯೂಸಿಯಮ್ಮಿನ ಸ್ವಂತ ಪುಟಕ್ಕೆ ಹೋಗುವುದು ಕ್ಷೇಮ.

ಮ್ಯೂಸಿಯಂ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿರುವುದನ್ನು ಮೊದಲು ಓದಿ: ಅಳತೆ, ಯಾವುದರ ಮೇಲೆ ಯಾವ ಬಣ್ಣ, ಯಾರ ಕೈ ದಾಟಿ ಬಂತು. ‘ಲಿಯೊನಾರ್ಡೊ’ ಎಂಬುದಕ್ಕೂ ‘ಲಿಯೊನಾರ್ಡೊನದೆಂದು ಹೇಳಲಾದ’, ‘ಲಿಯೊನಾರ್ಡೊನ ಕಾರ್ಯಶಾಲೆಯ’ ಎಂಬುದಕ್ಕೂ ನೆಲ ಮುಗಿಲಿನ ಅಂತರ. 2017ರ ನವೆಂಬರಿನಲ್ಲಿ ‘ಸಾಲ್ವಾತೊರ್ ಮುಂದಿ’ ಎಂಬ ಹಲಗೆಚಿತ್ರ 45 ಕೋಟಿ ಡಾಲರಿಗೆ ಹರಾಜಾಯಿತು. ಅದರಲ್ಲಿ ಲಿಯೊನಾರ್ಡೊನ ಕೈ ಎಷ್ಟು, ಶಿಷ್ಯರ ಕೈ ಎಷ್ಟು ಎಂಬ ಜಗಳ ಇನ್ನೂ ನಿಂತಿಲ್ಲ. ‘ರಹಸ್ಯ ಸಂಕೇತ ಬಯಲು’ ಎಂಬ ತಲೆಬರಹ ಕಂಡರೆ ದಾಟಿ ಮುಂದೆ ಹೋಗಿ, ನಿಮ್ಮ ಸಮಯ ಉಳಿಯಿತು.

ಎರಡನೇ ತಿಂಗಳಿಗೆ ಬೇಕೆಂದೇ ಇನ್ನೊಂದು ತುದಿಯ ಚಿತ್ರ ಹಿಡಿಯಿರಿ: ಯಾನ್ ವಾನ್ ಐಕ್ 1434ರಲ್ಲಿ ಬರೆದ ಆರ್ನೊಲ್ಫಿನಿ ಭಾವಚಿತ್ರ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕೋಣೆಯಲ್ಲಿ ನಿಂತ ಗಂಡ ಹೆಂಡತಿ, ಕಾಲ ಬಳಿ ಒಂದು ನಾಯಿ. ಮಸಾಚೊನಿಗೂ ಇದಕ್ಕೂ ಏಳೇ ವರ್ಷ ಅಂತರ. ಆದರೆ ಅದು ಇಪ್ಪತ್ತೆರಡು ಅಡಿಯ ಗಾರೆ, ಇದು 82 ಸೆಂಟಿಮೀಟರಿನ ಹಲಗೆ. ಅಲ್ಲಿ ಲೆಕ್ಕ, ಇಲ್ಲಿ ಬೆಳಕು. ಪರದೆ ನಿಜಕ್ಕೂ ನಮ್ಮ ಪರವಾಗಿ ಕೆಲಸ ಮಾಡುವುದು ಇಂಥ ಚಿತ್ರದಲ್ಲಿ. ಗ್ಯಾಲರಿಯಲ್ಲಿ ಅಷ್ಟು ಹತ್ತಿರ ಹೋದರೆ ಕಾವಲಿನವರು ಬರುತ್ತಾರೆ. ಮನೆಯಲ್ಲಿ ಹಿಗ್ಗಿಸಿ ಹಿಂದಿನ ಗೋಡೆಯ ಗುಂಡು ಕನ್ನಡಿಗೆ ಹೋಗಿ. ಚೌಕಟ್ಟಿನ ಸುತ್ತ ಬೆರಳಿನ ಉಗುರಿಗಿಂತ ಚಿಕ್ಕ ಹತ್ತು ಚಿತ್ರಗಳಲ್ಲಿ ಯೇಸುವಿನ ಕೊನೆಯ ದಿನಗಳ ಕತೆ ಇದೆ. ಕನ್ನಡಿಯೊಳಗೆ ಬಾಗಿಲಲ್ಲಿ ನಿಂತ ಇನ್ನಿಬ್ಬರು ಕಾಣುತ್ತಾರೆ. ಮೇಲೆ ಸಹಿ: ‘ಯಾನ್ ವಾನ್ ಐಕ್ ಇಲ್ಲಿದ್ದ, 1434.’ ಹೆಂಡತಿ ಗರ್ಭಿಣಿ ಎಂದು ಹತ್ತರಲ್ಲಿ ಎಂಟು ವಿಡಿಯೊ ಹೇಳುತ್ತವೆ. ಅವಳು ಅಂದಿನ ಫ್ಯಾಷನ್ನಿನಂತೆ ಭಾರದ ಬಟ್ಟೆಯ ನೆರಿಗೆ ಎತ್ತಿ ಹಿಡಿದಿದ್ದಾಳೆ, ಅಷ್ಟೆ. ನಾಯಿ ನಿಷ್ಠೆಯ ಸಂಕೇತ, ಇಡೀ ಚಿತ್ರ ಮದುವೆಯ ಪತ್ರ ಎಂಬ ವಾದ 1934ರಲ್ಲಿ ಬಂದು ಬಹಳ ಕಾಲ ಆಳಿತು. ಆಮೇಲೆ ಇನ್‌ಫ್ರಾರೆಡ್ ಕಿರಣದಲ್ಲಿ ಬಣ್ಣದಡಿಯ ಕರಡು ಗೆರೆ ನೋಡಿದರೆ ಅಲ್ಲಿ ನಾಯಿಯೇ ಇಲ್ಲ. ಕೆಲಸ ಸಾಗುತ್ತಿದ್ದಾಗ ಸೇರಿಕೊಂಡ ನಾಯಿ ಅದು. ಅವರಿಬ್ಬರೆಂದು ಗುರುತಿಸಿದ್ದ ದಂಪತಿಯ ಮದುವೆ ಆದದ್ದು 1447ರಲ್ಲಿ ಎಂಬ ದಾಖಲೆಯೂ ಸಿಕ್ಕಿತು, ಚಿತ್ರ ಬರೆದು ಹದಿಮೂರು ವರ್ಷವಾದ ಮೇಲೆ. ಇಂಥ ಒಳನೋಟದ ರುಚಿ ಹತ್ತಿದರೆ ‘ಕ್ಲೋಸರ್ ಟು ವಾನ್ ಐಕ್’ ಎಂಬ ತಾಣಕ್ಕೆ ಹೋಗಿ. ಗೆಂಟ್ ನಗರದ ದೊಡ್ಡ ಬಲಿಪೀಠಚಿತ್ರವನ್ನು ಎಕ್ಸ್‌ರೇ, ಇನ್‌ಫ್ರಾರೆಡ್ ಸಹಿತ ಪಕ್ಕಪಕ್ಕ ಇಟ್ಟು ನೋಡಬಹುದು, ದುರಸ್ತಿಗೆ ಮುಂಚೆ ಮತ್ತು ನಂತರ. ನಡುವಿನ ಕುರಿಮರಿಯ ಮುಖ ನೋಡಿ. ಮೇಲೆ ಬಳಿದ ಬಣ್ಣ ತೆಗೆದಾಗ ಅಡಿಯಿಂದ ಬಂದ ಮುಖ ಬಹಳ ಜನರನ್ನು ಗಾಬರಿಗೊಳಿಸಿತು.

ಕತೆ ಗೊತ್ತಿಲ್ಲದೆ ಈ ಚಿತ್ರಗಳ ಮುಂದೆ ನಿಲ್ಲುವುದು ರಾಮಾಯಣ ಗೊತ್ತಿಲ್ಲದೆ ಹಂಪಿಯ ಹಜಾರರಾಮ ಗುಡಿ ಸುತ್ತಿದಂತೆ. ಕನ್ನಡ ಬೈಬಲ್ ಆನ್‌ಲೈನಿನಲ್ಲಿ ಉಚಿತವಾಗಿದೆ. ಪೂರ್ತಿ ಓದಬೇಕಿಲ್ಲ, ಆದಿಕಾಂಡದ ಆರಂಭ ಮತ್ತು ಇಪ್ಪತ್ತೆರಡನೇ ಅಧ್ಯಾಯ, ಲೂಕನ ಮೊದಲೆರಡು ಅಧ್ಯಾಯ, ಮತ್ತಾಯನ ಕೊನೆಯ ಮೂರು. ಇಷ್ಟರಲ್ಲಿ ಅರ್ಧಕ್ಕರ್ಧ ಚಿತ್ರಗಳ ಕತೆ ಸಿಕ್ಕಿಹೋಗುತ್ತದೆ. ಭಾಷೆಯ ಮಾತು: ಯೂಟ್ಯೂಬ್ ತಾನಾಗಿ ಮಾಡಿಕೊಡುವ ಕನ್ನಡ ಅಡಿಬರಹ ನೆಚ್ಚಿಕೊಳ್ಳಬೇಡಿ, ಇಂಗ್ಲಿಷ್ ಅಡಿಬರಹ ಹಾಕಿಕೊಂಡು ನಿಲ್ಲಿಸಿ ನಿಲ್ಲಿಸಿ ನೋಡಿ. ನಿಮ್ಮ ಟಿಪ್ಪಣಿ ಮಾತ್ರ ಕನ್ನಡದಲ್ಲೇ ಇರಲಿ. ಅರ್ಥವಾಗದ್ದನ್ನು ಕನ್ನಡದಲ್ಲಿ ಬರೆಯಲು ಬರುವುದಿಲ್ಲ, ಅದೇ ನಿಮಗೆ ಪರೀಕ್ಷೆ.

ಪರದೆಯಲ್ಲಿ ಎಷ್ಟು ಹಿಗ್ಗಿಸಿದರೂ ಸಿಗದೆ ಉಳಿಯುವುದು ಒಂದಿದೆ, ಗಾರೆಯ ಮೈ. ಹಸಿ ಗಾರೆ ಒಣಗುವ ಮೊದಲು ಬಣ್ಣ ಹಚ್ಚಬೇಕು, ಅದು ಸುಣ್ಣದೊಂದಿಗೆ ಕಲ್ಲಾಗಿ ಕೂರುತ್ತದೆ, ಎಣ್ಣೆಬಣ್ಣದಂತೆ ಹೊಳೆಯುವುದಿಲ್ಲ. ಅದನ್ನು ನೋಡಲು ಶಿವಮೊಗ್ಗದಿಂದ ಘಟ್ಟ ಇಳಿದರೆ ಸಾಕು. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲಿನ ಗೋಡೆ, ಛಾವಣಿಗಳನ್ನು ಬರೆದವರು ಆಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್. ಬೆರ್ಗಾಮೊ ಊರಿನ ಕರಾರಾ ಅಕಾಡೆಮಿಯಲ್ಲಿ ಕಲಿತವರು, 1899ರಲ್ಲಿ ಮಂಗಳೂರಿಗೆ ಬಂದರು. ಅದು ರಿನೈಸಾನ್ಸ್ ಕೃತಿ ಅಲ್ಲ, ನಾನೂರು ವರ್ಷ ಆಮೇಲಿನದು. ಆದರೆ ಕೈ ಅದೇ ಪರಂಪರೆಯ ಕೈ. ಅಲ್ಲಿ ಗಾರೆಯ ಮೇಲೆ ಬರೆದದ್ದೂ ಇದೆ, ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದೂ ಇದೆ. ಫಲಕ ಓದದೆ, ಯಾವುದು ಯಾವುದೆಂದು ಹೊಳಪು ನೋಡಿಯೇ ಗುರುತಿಸಲು ಪ್ರಯತ್ನಿಸಿ. ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ, ಫೋಟೊ ತೆಗೆಯುವ ಮುಂಚೆ ಅಲ್ಲಿದ್ದವರನ್ನು ಒಂದು ಮಾತು ಕೇಳಿ.